ಗುಳಿಗೆ ಬಿಡಬೇಡಿ, ಬಾಯಿ ಬಿಡಿ

ಓದುಗರ ಪ್ರಶ್ನೆ, ಮನೋವೈದ್ಯೆಯ ಉತ್ತರ

ಹೋದ ತಿಂಗಳು ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಹುಟ್ಟುವ ಮಾನಸಿಕ ಕಾಯಿಲೆ, ಅದರ ಬಗ್ಗೆ ಎರಡು ಪುಟ ಬರೆದಿದ್ದೆ. ಕೊನೆಯಲ್ಲಿ ಒಂದು ಸಾಲು ಇತ್ತು: ಕೆಲವು ಮಾತ್ರೆಗಳಿಂದ ಲೈಂಗಿಕ ತೊಂದರೆ ಆಗಬಹುದು, ಆದರೆ ವೈದ್ಯರಿಗೆ ಹೇಳಿ. ಎರಡು ಪುಟದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿಗೆ. "ದಯವಿಟ್ಟು ಹೆಸರು ಹಾಕಬೇಡಿ" ಅಂತ ಬರೆದು ಕೆಳಗೆ ಎರಡೆರಡು ಗೆರೆ ಎಳೆದಿದ್ದಾರೆ. ಹಾಕುವುದಿಲ್ಲ, ಚಿಂತೆ ಬೇಡ. ಊರಿನ ಬದಲು ಜಿಲ್ಲೆ ಮಾತ್ರ ಇಟ್ಟಿದ್ದೇನೆ, ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ. ಈ ತಿಂಗಳು ಬೇರೆ ವಿಷಯ ಇಲ್ಲ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಕಿರಾಣಿ ಅಂಗಡಿ ಇದೆ. ಮೂರು ವರ್ಷದ ಹಿಂದೆ ಕಿವಿಯಲ್ಲಿ ಯಾರೋ ಬೈದ ಹಾಗೆ ಕೇಳಿಸುತ್ತಿತ್ತು, ಅಂಗಡಿಗೆ ಬಂದವರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಾರೆ ಅನಿಸುತ್ತಿತ್ತು. ಡಾಕ್ಟರು ರಿಸ್ಪೆರಿಡೋನ್ 4 ಮಿಲಿಗ್ರಾಂ ಕೊಟ್ಟರು, ಜೊತೆಗೆ ಟ್ರೈಹೆಕ್ಸಿಫೆನಿಡಿಲ್. ಈಗ ಪೂರ್ತಿ ಆರಾಮ ಇದ್ದೇನೆ. ಈ ವರ್ಷ ಮದುವೆ ಆಯಿತು. ಹೆಂಡತಿ ಹತ್ತಿರ ಹೋದರೆ ಏನೂ ಆಗುವುದಿಲ್ಲ. ಆಸೆಯೇ ಬರುವುದಿಲ್ಲ, ಬಂದರೂ ಗಟ್ಟಿ ಆಗುವುದಿಲ್ಲ. ಗುಳಿಗೆ ವಿಷಯ ಅವಳಿಗೆ ಗೊತ್ತಿಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿರುತ್ತೇನೆ. ಹತ್ತು ದಿನದಿಂದ ನಾನೇ ಅರ್ಧ ಗುಳಿಗೆ ಮಾಡಿಕೊಂಡಿದ್ದೇನೆ. ಪೂರ್ತಿ ಬಿಟ್ಟುಬಿಡಲೇ? ಡಾಕ್ಟರಿಗೆ ಹೇಳೋಣ ಅಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ.
ಹಾವೇರಿ ಜಿಲ್ಲೆ

ಉತ್ತರ: ಬಿಡಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅರ್ಧ ಮಾಡಿಕೊಂಡ ವಿಷಯ ಹೇಳಿ, ಅವರು ಹೇಳಿದ ಪ್ರಮಾಣಕ್ಕೆ ವಾಪಸ್ ಹೋಗಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಈ ಕಾಯಿಲೆಯಲ್ಲಿ ಮಾತ್ರೆ ಮುಂದುವರಿಸಿದವರನ್ನೂ ಬಿಟ್ಟವರನ್ನೂ ಹೋಲಿಸಿದ 65 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಸೇರಿಸಿ ನೋಡಿದರು. ಒಂದು ವರ್ಷದ ಹೊತ್ತಿಗೆ ಮಾತ್ರೆ ತಗೊಂಡವರಲ್ಲಿ 27% ಜನಕ್ಕೆ ಕಾಯಿಲೆ ಮರುಕಳಿಸಿತ್ತು. ಬಿಟ್ಟವರಲ್ಲಿ 64% ಜನಕ್ಕೆ. ಮರುಕಳಿಸುವುದು ಬಿಟ್ಟ ಮಾರನೇ ದಿನವೇ ಅಲ್ಲ. ಮೊದಮೊದಲು ಮೈ ಹಗುರ ಅನಿಸುತ್ತದೆ, ಆಸೆಯೂ ಬರುತ್ತದೆ, "ನೋಡು, ಬಿಟ್ಟಿದ್ದೇ ಒಳ್ಳೇದಾಯ್ತು" ಅನಿಸುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ನಿದ್ದೆ ಕೆಡುತ್ತದೆ. ಆಮೇಲೆ ಆ ದನಿ. ಅಷ್ಟರಲ್ಲಿ ಗುಳಿಗೆ ಬಿಟ್ಟಿದ್ದೇ ಮರೆತಿರುತ್ತದೆ.

ಈಗ ನಿಮ್ಮ ತೊಂದರೆಗೆ ಬರೋಣ. ಇದು ಗುಳಿಗೆಯಿಂದಲೇ ಆಗಿರುವ ಸಾಧ್ಯತೆ ಜಾಸ್ತಿ. ನಿಮ್ಮ ಗಂಡಸುತನದ ಪ್ರಶ್ನೆ ಇಲ್ಲಿಲ್ಲ. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಇದೆ. ಒಂದು ಕಡೆ ಅದರ ಆಟ ಜಾಸ್ತಿಯಾದಾಗ ಇಲ್ಲದ ದನಿ ಕೇಳುತ್ತದೆ, ಇಲ್ಲದ ಸಂಶಯ ಹುಟ್ಟುತ್ತದೆ. ರಿಸ್ಪೆರಿಡೋನ್ ಅಲ್ಲಿ ಅಡ್ಡ ನಿಂತು ಅದನ್ನು ತಡೆಯುತ್ತದೆ. ಆದರೆ ಅದೇ ಡೋಪಮೈನ್‌ಗೆ ಇನ್ನೊಂದು ಕಡೆ ಬೇರೆ ಕೆಲಸ ಇದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಮಿತಿಮೀರಿ ಬರದ ಹಾಗೆ ಅದು ಹಿಡಿದಿಟ್ಟಿರುತ್ತದೆ. ಬಾಣಂತಿಯರಲ್ಲಿ ಎದೆಹಾಲು ತಯಾರು ಮಾಡಿಸುವ ಹಾರ್ಮೋನ್ ಇದೇ. ಡೋಪಮೈನ್‌ಗೆ ಅಲ್ಲೂ ತಡೆ ಬಿದ್ದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದಾಗ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಇಳಿಯುತ್ತದೆ, ಆಸೆ ಕಡಿಮೆಯಾಗುತ್ತದೆ, ನಿಮಿರುವುದು ಸಡಿಲವಾಗುತ್ತದೆ. ಕೆಲವರಿಗೆ ಎದೆ ಸ್ವಲ್ಪ ಊದುತ್ತದೆ.

ಇಂಥವರನ್ನು ನಾನು ಕೇಳುವ ಮೊದಲ ಪ್ರಶ್ನೆ: ಬೆಳಗ್ಗೆ ಎಚ್ಚರವಾಗುವಾಗ ನಿಮಿರಿರುತ್ತದಾ? ಆಗ ಚೆನ್ನಾಗಿದ್ದು ಹೆಂಡತಿ ಹತ್ತಿರ ಮಾತ್ರ ಆಗದಿದ್ದರೆ ಅದು ಹೆಚ್ಚಾಗಿ ಭಯ, ಗಾಬರಿ. ಬೆಳಗ್ಗೆಯೂ ಇಲ್ಲ ಅಂದರೆ ಮಾತ್ರೆ, ಶುಗರ್, ಹಾರ್ಮೋನ್ ಕಡೆ ನೋಡಬೇಕು. ಮಾತ್ರೆ ಶುರುವಾಗುವ ಮುಂಚೆ ಹೇಗಿತ್ತು ಅನ್ನುವುದೂ ಮುಖ್ಯ. ಪ್ರೊಲ್ಯಾಕ್ಟಿನ್, ಶುಗರ್, ಥೈರಾಯಿಡ್ ಮೂರನ್ನೂ ಮಾಡಿಸಿ. ಪ್ರೊಲ್ಯಾಕ್ಟಿನ್‌ಗೆ ರಕ್ತ ಕೊಡುವಾಗ ಎದ್ದು ಎರಡು ಮೂರು ಗಂಟೆ ಆಗಿರಲಿ. ನಿದ್ದೆಯಲ್ಲಿ ಅದು ತಾನಾಗಿಯೇ ಏರಿರುತ್ತದೆ. ಲ್ಯಾಬಿಗೆ ಓಡೋಡಿ ಹೋಗಿ ಕೈ ಚಾಚಿದರೂ ಏರುತ್ತದೆ. ಸುಮ್ನೆ ಸ್ವಲ್ಪ ಹೊತ್ತು ಕೂತು ಕೊಡಿ.

ಆಮೇಲೆ ನಿಮ್ಮ ಡಾಕ್ಟರ ಕೈಯಲ್ಲಿ ದಾರಿಗಳು ಇವೆ. ರಿಸ್ಪೆರಿಡೋನ್ ವಿಷಯದಲ್ಲಿ ಪ್ರಮಾಣ ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚು. ಮೂರು ವರ್ಷ ಆರಾಮ ಇದ್ದವರಿಗೆ 4ರಿಂದ 3ಕ್ಕೆ ನಿಧಾನವಾಗಿ ಇಳಿಸಿ ನೋಡಬಹುದಾ ಅಂತ ಅವರು ಯೋಚಿಸುತ್ತಾರೆ. ನೀವು ಮಾಡಿದ್ದೂ ಇಳಿಸಿದ್ದೇ ಅಲ್ವಾ ಅನ್ನಬೇಡಿ, ಒಂದೇ ಏಟಿಗೆ ಅರ್ಧ ಮಾಡುವುದು ಬೇರೆ, ಗಮನವಿಟ್ಟು ಇಳಿಸುವುದು ಬೇರೆ. ಎರಡನೆಯದು, ಈ ಮಾತ್ರೆಯ ಜೊತೆಗೇ ಅರಿಪಿಪ್ರಜೋಲ್ 5 ಮಿಲಿಗ್ರಾಂ ಸೇರಿಸುವುದು. ಇದು ವಿಚಿತ್ರ ಮಾತ್ರೆ. ಡೋಪಮೈನನ್ನು ಪೂರ್ತಿ ತಡೆಯುವುದಿಲ್ಲ, ಅರ್ಧ ತಡೆದು ಅರ್ಧ ತಾನೇ ಡೋಪಮೈನ್ ಥರ ಕೆಲಸ ಮಾಡುತ್ತದೆ. ಅದಕ್ಕೇ ಏರಿದ ಪ್ರೊಲ್ಯಾಕ್ಟಿನನ್ನು ಕೆಲವೇ ವಾರಗಳಲ್ಲಿ ಇಳಿಸುತ್ತದೆ. ನಿಮ್ಮಂಥವರಿಗೆ ನನಗೆ ತುಂಬಾ ಇಷ್ಟದ ದಾರಿ ಇದು, ಯಾಕೆಂದರೆ ನಿಮ್ಮನ್ನು ಆರಾಮ ಮಾಡಿದ ಮಾತ್ರೆಯನ್ನು ಮುಟ್ಟುವುದೇ ಇಲ್ಲ. ಮೂರನೆಯದು, ಮಾತ್ರೆಯನ್ನೇ ಬದಲಿಸುವುದು. ಹೊಸದನ್ನು ಏರಿಸುತ್ತಾ ಹಳೆಯದನ್ನು ಇಳಿಸುತ್ತಾ ವಾರಗಟ್ಟಲೆ ಮಾಡುವ ಕೆಲಸ ಅದು. ಇದ್ಯಾವುದೂ ಆಗದಿದ್ದರೆ ಸಿಲ್ಡೆನಾಫಿಲ್ ಇದೆ. ಈ ಮಾತ್ರೆಗಳಿಂದಲೇ ನಿಮಿರುವ ತೊಂದರೆ ಆದ ಗಂಡಸರ ಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಔಷಧಿಯೇ ಇಲ್ಲದ ಸುಳ್ಳು ಗುಳಿಗೆಗಿಂತ ಸಿಲ್ಡೆನಾಫಿಲ್‌ನಿಂದ ಸ್ಪಷ್ಟವಾಗಿ ಹೆಚ್ಚು ಪ್ರಯೋಜನ ಕಂಡಿತು. ಆದರೆ ಅದು ನಿಮಿರಿಸುತ್ತದೆ, ಆಸೆ ತರುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಅದನ್ನು ಮುಟ್ಟಲೇಬಾರದು, ಬಿಪಿ ಕುಸಿದು ಪ್ರಾಣಕ್ಕೆ ಬರುತ್ತದೆ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಗುಪ್ತರೋಗ ಜಾಹೀರಾತಿನವರ ಪುಡಿ ಖಂಡಿತ ಬೇಡ. ಅದರಲ್ಲಿ ಏನು ಬೆರೆಸಿದ್ದಾರೆ ಅಂತ ಕೊಡುವವರಿಗೂ ಗೊತ್ತಿರುವುದಿಲ್ಲ.

ಟ್ರೈಹೆಕ್ಸಿಫೆನಿಡಿಲ್ ಇನ್ನೂ ಬೇಕಾ ಅಂತಲೂ ಕೇಳಿ. ಕೈ ನಡುಗುವುದಕ್ಕೆ, ಮೈ ಬಿಗಿಯುವುದಕ್ಕೆ ಶುರುವಿನಲ್ಲಿ ಕೊಟ್ಟಿರುತ್ತಾರೆ. ಆಮೇಲೆ ಚೀಟಿಯಿಂದ ಚೀಟಿಗೆ ಅದು ಹಾಗೇ ನಡೆದುಕೊಂಡು ಬರುತ್ತದೆ.

ಇನ್ನು ಅಪ್ಪ. ನಮ್ಮ ಓಪಿಡಿಯಲ್ಲಿ ನಿಮ್ಮಂಥವರು ಈ ಮಾತು ಹೇಳುವುದು ಯಾವಾಗ ಗೊತ್ತಾ? ಎಲ್ಲ ಮುಗಿದು, ಜೊತೆಗೆ ಬಂದವರು ಮಾತ್ರೆ ತರಲು ಹೋದ ಮೇಲೆ, ಒಂದು ಕೈ ಪರದೆ ಮೇಲಿಟ್ಟುಕೊಂಡು. "ಮೇಡಂ, ಇನ್ನೊಂದಿತ್ತು..." ಅಷ್ಟರಲ್ಲಿ ಮುಂದಿನ ಟೋಕನ್‌ನವರು ಒಳಗೆ ಬಂದು ಕೂತಿರುತ್ತಾರೆ. ನೀವು ಹೀಗೆ ಮಾಡಿ. ಒಂದು ಚೀಟಿಯಲ್ಲಿ "ಹೊಸದಾಗಿ ಮದುವೆ ಆಗಿದೆ. ಸೇರಲು ಆಗುತ್ತಿಲ್ಲ. ಅಪ್ಪನ ಎದುರು ಹೇಳಲಾರೆ" ಅಂತ ಬರೆದು ಫೈಲಿನ ಮೇಲೆ ಸಿಕ್ಕಿಸಿ ಕೊಡಿ. ಓದಿದ ಯಾವ ಮನೋವೈದ್ಯರೂ ನಿಮ್ಮ ಅಪ್ಪನನ್ನು ಐದು ನಿಮಿಷ ಹೊರಗೆ ಕೂರಿಸುತ್ತಾರೆ. ತಪ್ಪು ನಮ್ಮದೂ ಇದೆ. ಶುಗರ್ ಕೇಳುತ್ತೇವೆ, ತೂಕ ನೋಡುತ್ತೇವೆ, ಇದನ್ನು ಕೇಳುವ ವೈದ್ಯರು ಕಡಿಮೆ.

ಹೆಂಡತಿಗೆ ಹೇಳಿ. ಯಾವಾಗ, ಹೇಗೆ ಅನ್ನುವುದನ್ನು ನಿಮ್ಮ ಡಾಕ್ಟರ ಜೊತೆ ಮಾತಾಡಿ, ಬೇಕಾದರೆ ಅವರ ಎದುರಲ್ಲೇ ಹೇಳಿ. ಈಗ ಆಕೆ "ನಾನು ಇವರಿಗೆ ಇಷ್ಟ ಇಲ್ಲ" ಅಂದುಕೊಂಡಿರಬಹುದು. ಗಲ್ಲಾಪೆಟ್ಟಿಗೆಯ ಸ್ಟ್ರಿಪ್ ಒಂದಲ್ಲ ಒಂದು ದಿನ ಕೈಗೆ ಸಿಕ್ಕೇ ಸಿಗುತ್ತದೆ. ಅದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಒಳ್ಳೆಯದು.

ಪ್ರಶ್ನೆ: ಡಾಕ್ಟ್ರಮ್ಮಾ, ನನ್ನ ಮಗಳಿಗೆ 22 ವರ್ಷ, ಡಿಗ್ರಿ ಕೊನೇ ವರ್ಷ. ಅಮಿಸಲ್‌ಪ್ರೈಡ್ 400 ಮಿಲಿಗ್ರಾಂ ತಗೋತಾಳೆ, ಒಂದು ವರ್ಷ ಆಯ್ತು. ಏಳು ತಿಂಗಳಿಂದ ಮುಟ್ಟಾಗಿಲ್ಲ. ಹೋದ ತಿಂಗಳು ಬಟ್ಟೆ ಒಗೆಯುವಾಗ ಅವಳ ಒಳಬಟ್ಟೆಯಲ್ಲಿ ಹಾಲಿನ ಕಲೆ ನೋಡಿ ನನ್ನ ಜೀವವೇ ಹೋಯಿತು. ನಮ್ಮತ್ತಿಗೆ ಏನೇನೋ ಮಾತಾಡಿದರು. ಮೆಡಿಕಲ್ ಶಾಪಿನಿಂದ ಕಿಟ್ ತಂದು ಮೂರು ಸಲ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಲೇಡಿ ಡಾಕ್ಟರ್ ಹತ್ತಿರ ಹೋದೆವು. ಮುಟ್ಟು ಬರುವ ಮಾತ್ರೆ ಕೊಟ್ಟರು, ಒಂದು ಸಲ ಬಂದು ಮತ್ತೆ ನಿಂತಿತು. ಮಾನಸಿಕ ಮಾತ್ರೆ ವಿಷಯ ಅವರಿಗೆ ಹೇಳಿಲ್ಲ, ಊರಲ್ಲಿ ಎಲ್ಲರಿಗೂ ಗೊತ್ತಾದರೆ ಮದುವೆ ಹೇಗೆ? ಪ್ರೊಲ್ಯಾಕ್ಟಿನ್ 112 ಬಂದಿದೆ. ಮೆದುಳಲ್ಲಿ ಗಡ್ಡೆ ಇರಬಹುದು ಅಂದರು.
ಮಂಡ್ಯ ಜಿಲ್ಲೆ

ಉತ್ತರ: ಅಮ್ಮಾ, ಒಂದು ಸಲದ ಪರೀಕ್ಷೆ ಸರಿ. ಗರ್ಭ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳುವುದು ನಾವೂ ಮಾಡುವುದೇ. ಎರಡನೇ, ಮೂರನೇ ಸಲ ಮಾಡಿಸಿದ್ದು ನಿಮ್ಮತ್ತಿಗೆಯ ಬಾಯಿಗೆ ಹೆದರಿ. ಆ ಹುಡುಗಿಗೆ ಹೇಗಾಗಿರಬೇಕು ಯೋಚಿಸಿ. ಮನೆಯಲ್ಲಿ ಮಾತಾಡಿದವರ ಎದುರಿಗೇ "ಇದು ಮಾತ್ರೆಯಿಂದ ಆಗಿದ್ದು, ಡಾಕ್ಟರು ಹೇಳಿದರು" ಅಂತ ನೀವೇ ಹೇಳಿ.

ಪ್ರೊಲ್ಯಾಕ್ಟಿನ್ ಏರಿಸುವ ಮಾತ್ರೆಗಳಲ್ಲಿ ಅಮಿಸಲ್‌ಪ್ರೈಡ್ ಮುಂಚೂಣಿಯಲ್ಲಿದೆ. 50 ಮಿಲಿಗ್ರಾಂನಲ್ಲೂ ಏರಿಸುತ್ತದೆ. ಕಾರಣ ಇದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಹೋಗದ ಹಾಗೆ ಒಂದು ತಡೆಗೋಡೆ ಇರುತ್ತದೆ. ಪಿಟ್ಯುಟರಿ ಗ್ರಂಥಿ ಆ ಗೋಡೆಯ ಹೊರಗಿದೆ. ಅಮಿಸಲ್‌ಪ್ರೈಡ್ ಗೋಡೆ ದಾಟಿ ಒಳಗೆ ಹೋಗುವುದು ಕಷ್ಟ, ಹೊರಗಿನ ಗ್ರಂಥಿಗೆ ಮಾತ್ರ ಸುಲಭವಾಗಿ ಸಿಗುತ್ತದೆ. ಹಾಗಾಗಿ ಪ್ರಮಾಣ ಸ್ವಲ್ಪ ಇಳಿಸಿದರೂ ಪ್ರೊಲ್ಯಾಕ್ಟಿನ್ ಅಷ್ಟಾಗಿ ಇಳಿಯುವುದಿಲ್ಲ. ಮೇಲಿನ ಪತ್ರದ ಹಾವೇರಿಯವರಿಗೂ ನಿಮ್ಮ ಮಗಳಿಗೂ ದಾರಿ ಒಂದೇ ಅಲ್ಲ ಅನ್ನುವುದು ಇದಕ್ಕೇ. ಅರಿಪಿಪ್ರಜೋಲ್ ಸೇರಿಸುವ ಉಪಾಯವೂ ಅಮಿಸಲ್‌ಪ್ರೈಡ್ ಜೊತೆ ರಿಸ್ಪೆರಿಡೋನ್ ಜೊತೆಗಿನಷ್ಟು ಚೆನ್ನಾಗಿ ನಡೆಯುವುದಿಲ್ಲ. ಇಲ್ಲಿ ಮಾತ್ರೆ ಬದಲಿಸುವ ಮಾತೇ ಮುಂದೆ ಬರುತ್ತದೆ.

ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ ಸುಮಾರು 25ರ ಒಳಗೆ ಇರಬೇಕು. ಈ ಮಾತ್ರೆ ತಗೊಳ್ಳುವವರಲ್ಲಿ 112 ಬಂದರೆ ನಾನು ಬೆಚ್ಚುವುದಿಲ್ಲ. ಗಡ್ಡೆಯ ಯೋಚನೆ ತಪ್ಪಲ್ಲ, ಆದರೆ ಲೇಡಿ ಡಾಕ್ಟರಿಗೆ ಮಾತ್ರೆ ವಿಷಯ ಗೊತ್ತಿದ್ದಿದ್ದರೆ ಅವರೂ ಮೊದಲು ಮಾತ್ರೆಯನ್ನೇ ಅನುಮಾನಿಸುತ್ತಿದ್ದರು. ಬಿಡದ ತಲೆನೋವು, ಪಕ್ಕದಿಂದ ಬರುವುದು ಕಾಣದಿರುವುದು, ಮಾತ್ರೆ ಬದಲಿಸಿದ ಮೇಲೂ ಇಳಿಯದಿರುವುದು, ಅಂಕಿ 200 ದಾಟುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಎಂಆರ್‌ಐ ಮಾಡಿಸಲೇಬೇಕು. ಥೈರಾಯಿಡ್ ಈಗಲೇ ನೋಡಿಸಿ, ಅದು ಕಡಿಮೆಯಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ.

ಒಂದು ಎಚ್ಚರಿಕೆ. ಪ್ರೊಲ್ಯಾಕ್ಟಿನ್ ಇಳಿಸಲು ಕ್ಯಾಬರ್ಗೋಲಿನ್ ಅನ್ನುವ ಮಾತ್ರೆ ಬರೆಯುವುದುಂಟು. ಬೇರೆಯವರಿಗೆ ಅದು ಒಳ್ಳೆಯ ಮಾತ್ರೆ. ಆದರೆ ಅದು ಡೋಪಮೈನ್ ಥರವೇ ಕೆಲಸ ಮಾಡುತ್ತದೆ, ನಿಮ್ಮ ಮಗಳ ಕಾಯಿಲೆ ಕೆದಕಬಹುದು. ಇಬ್ಬರು ಡಾಕ್ಟರಿಗೂ ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಎರಡೂ ಚೀಟಿ ಒಂದೇ ಫೈಲಿನಲ್ಲಿಡಿ. ರೋಗಿಯ ಗುಟ್ಟು ಕಾಪಾಡುವುದು ಡಾಕ್ಟರ ಕರ್ತವ್ಯ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅದು ರೋಗಿಯ ಹಕ್ಕು. ಊರಿಗೆ ಗೊತ್ತಾಗುವುದು ಡಾಕ್ಟರಿಂದಲ್ಲ.

"ಮದುವೆ ಆದ ಮೇಲೆ ನೋಡೋಣ" ಅಂತ ಮುಂದೂಡಬೇಡಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದಿರುತ್ತದೆ. 22ರ ವಯಸ್ಸು ಮೂಳೆ ಗಟ್ಟಿಯಾಗುವ ವಯಸ್ಸು. ಈಗ ಕಳೆದುಕೊಂಡಿದ್ದು ಐವತ್ತರಲ್ಲಿ ಮೂಳೆ ಸವೆದಾಗ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನನಗೆ ಯಾವ ಮಾನಸಿಕ ಕಾಯಿಲೆಯೂ ಇಲ್ಲ, ಗ್ಯಾಸ್ಟ್ರಿಕ್ ಮಾತ್ರ. 41 ವರ್ಷ. ಎದೆಯಿಂದ ಹಾಲು ಬರುತ್ತಿದೆ, ಎರಡು ತಿಂಗಳಿಂದ ಮುಟ್ಟಿಲ್ಲ. ಯಾವ ಡಾಕ್ಟರಿಗೆ ತೋರಿಸಲಿ?
ತುಮಕೂರು ಜಿಲ್ಲೆ

ಉತ್ತರ: ಗ್ಯಾಸ್ಟ್ರಿಕ್‌ಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳುವ ಕ್ಯಾಪ್ಸೂಲ್‌ನ ಸ್ಟ್ರಿಪ್ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಪಕ್ಕದಲ್ಲಿ ಲೆವೋಸಲ್ಪಿರೈಡ್ 75 ಮಿಲಿಗ್ರಾಂ ಅಂತ ಇದೆಯಾ? ಇದ್ದರೆ ಕಾರಣ ಹೆಚ್ಚು ಕಡಿಮೆ ಸಿಕ್ಕಿದ ಹಾಗೆ. ಅದು ಅಮಿಸಲ್‌ಪ್ರೈಡ್‌ನ ಹತ್ತಿರದ ನೆಂಟ, ಮೂಲದಲ್ಲಿ ನಮ್ಮ ವಿಭಾಗದ ಮಾತ್ರೆ. ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುತ್ತದೆ ಅಂತ ನಮ್ಮ ದೇಶದಲ್ಲಿ ಗ್ಯಾಸ್ಟ್ರಿಕ್ ಕ್ಯಾಪ್ಸೂಲಿಗೆ ಸೇರಿಸುತ್ತಾರೆ. ಡೋಂಪೆರಿಡೋನ್ ಇದ್ದರೂ ಹೀಗಾಗಬಹುದು. ಬರೆದುಕೊಟ್ಟ ಡಾಕ್ಟರಿಗೆ ಹೇಳಿದರೆ ಅದಿಲ್ಲದ ಕ್ಯಾಪ್ಸೂಲ್ ಕೊಡುತ್ತಾರೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ "ಅದೇ ಕೆಂಪು ಕ್ಯಾಪ್ಸೂಲ್ ಕೊಡಿ" ಅಂತ ವರ್ಷಗಟ್ಟಲೆ ತಗೊಳ್ಳುವವರು ಇದನ್ನು ಓದಲಿ. ಗರ್ಭ ಪರೀಕ್ಷೆ ಒಂದು ಮಾಡಿಸಿಬಿಡಿ. ಕ್ಯಾಪ್ಸೂಲ್ ಬದಲಾದ ಮೇಲೂ ಒಂದೆರಡು ತಿಂಗಳಲ್ಲಿ ನಿಲ್ಲದಿದ್ದರೆ, ಒಂದೇ ಎದೆಯಿಂದ ಬಂದರೆ, ರಕ್ತ ಬೆರೆತು ಬಂದರೆ ಕಾಯಬೇಡಿ, ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನಮ್ಮ ಯಜಮಾನರಿಗೆ 38 ವರ್ಷ. ಸಂಶಯದ ಕಾಯಿಲೆಗೆ ಒಲಾಂಜಪಿನ್ 10 ಮಿಲಿಗ್ರಾಂ, ಆಮೇಲೆ ಬೇಸರ ಕವಿದಿದ್ದಕ್ಕೆ ಎಸ್ಸಿಟಾಲೋಪ್ರಾಮ್ ತಗೊಳ್ಳುತ್ತಾರೆ. ತೂಕ 14 ಕಿಲೋ ಜಾಸ್ತಿಯಾಗಿದೆ. ಆಸೆ ಇದೆ, ಆದರೆ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ, ಅವರಿಗೂ ಸುಸ್ತು, ನನಗೂ ಸಾಕಾಗಿದೆ. ಇಂಟರ್ನೆಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವ ಮಾತ್ರೆ ಒಳ್ಳೆಯದು, ಯಾವುದು ಕೆಟ್ಟದು, ಒಂದರಿಂದ ಹತ್ತರವರೆಗೆ ಪಟ್ಟಿ ಮಾಡಿ ಕೊಡುತ್ತೀರಾ?
ಉಡುಪಿ ಜಿಲ್ಲೆ

ಉತ್ತರ: ಟೀಚರ್ ಅಂದಮೇಲೆ ರ‍್ಯಾಂಕ್ ಕೇಳದೆ ಇರುತ್ತೀರಾ! ಒಂದು ಮಟ್ಟಿಗೆ ಕೊಡಬಹುದು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಎರಡು ಗುಂಪು ಕಂಡವು. ಕ್ವೆಟಿಯಾಪಿನ್, ಜಿಪ್ರಾಸಿಡೋನ್, ಅರಿಪಿಪ್ರಜೋಲ್, ಹಳೆಯ ಪರ್ಫೆನಜಿನ್ ತಗೊಂಡವರಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು 16ರಿಂದ 27%. ಒಲಾಂಜಪಿನ್, ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್, ಕ್ಲೋಜಪಿನ್, ಥಿಯೋರಿಡಜಿನ್ ತಗೊಂಡವರಲ್ಲಿ 40ರಿಂದ 60%.

ಈ ಎರಡನೇ ಗುಂಪಿನಲ್ಲಿ ಒಂದು ಸೋಜಿಗ ಇದೆ. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಸರಿ. ರಿಸ್ಪೆರಿಡೋನ್‌ನಿಂದಲೇ ದೇಹದಲ್ಲಿ ತಯಾರಾಗುವ ಪಾಲಿಪೆರಿಡೋನ್, ಅಂದರೆ ತಿಂಗಳಿಗೊಮ್ಮೆ ಹಾಕಿಸುವ ಇಂಜೆಕ್ಷನ್, ಅದೂ ಹಾಗೇ. ಆದರೆ ಕ್ಲೋಜಪಿನ್ ಪ್ರೊಲ್ಯಾಕ್ಟಿನನ್ನು ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ, ಒಲಾಂಜಪಿನ್ ಏರಿಸಿದರೂ ಸ್ವಲ್ಪವೇ. ಆದರೂ ತೊಂದರೆ ಜಾಸ್ತಿ. ಯಾಕೆ? ದಿನವಿಡೀ ತೂಕಡಿಕೆ, ತೂಕ, ಶುಗರ್, ರಕ್ತನಾಳಗಳ ಮೇಲಿನ ಪರಿಣಾಮ. ಜೊತೆಗೆ ಕ್ಲೋಜಪಿನ್ ಕೊಡುವುದೇ ಬೇರೆ ಮಾತ್ರೆಗಳು ಕೆಲಸ ಮಾಡದೆ ಹೋದವರಿಗೆ. ಅವರಲ್ಲಿ ಕಾಯಿಲೆಯೂ ಆಸೆಯನ್ನು ತಿಂದಿರುತ್ತದೆ. ಹಾಗಾಗಿ ಪ್ರೊಲ್ಯಾಕ್ಟಿನ್ ರಿಪೋರ್ಟ್ ಚೆನ್ನಾಗಿದೆ ಅಂದ ಕೂಡಲೇ "ಮಾತ್ರೆಯಿಂದಲ್ಲ ಬಿಡಿ" ಅನ್ನುವಂತಿಲ್ಲ.

ರ‍್ಯಾಂಕಿನ ಮಿತಿ ಇನ್ನೊಂದಿದೆ. ಕ್ವೆಟಿಯಾಪಿನ್ ಈ ವಿಷಯದಲ್ಲಿ ಸೌಮ್ಯ, ಆದರೆ ನಿದ್ದೆ ಎಳೆಯುತ್ತದೆ, ತೂಕವೂ ಏರುತ್ತದೆ. ಅರಿಪಿಪ್ರಜೋಲ್ ತೂಕಕ್ಕೂ ಒಳ್ಳೆಯದು, ಆದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಕೊಡುತ್ತದೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆ ಕ್ಲೋಜಪಿನ್‌ಗೆ ಬಗ್ಗಿದ್ದರೆ, ನಾನಂತೂ ಅದನ್ನು ಕದಲಿಸಲು ಹತ್ತು ಸಲ ಯೋಚಿಸುತ್ತೇನೆ. ಅದರ ಜೊತೆಗೇ ಬೇರೆ ಉಪಾಯ ಹುಡುಕುತ್ತೇನೆ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಒಲಾಂಜಪಿನ್‌ಗಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಎಸ್ಸಿಟಾಲೋಪ್ರಾಮ್. ಆಸೆ ಇದೆ ಅಂತೀರಿ, ನಿಮಿರುವುದಕ್ಕೂ ತೊಂದರೆ ಇದ್ದಂತಿಲ್ಲ, ಮುಗಿಯುವುದಿಲ್ಲ ಅಂತೀರಿ. ಬೇಸರದ ಕಾಯಿಲೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಗುಂಪಿನ ಮಾತ್ರೆಗಳ ಗುರುತೇ ಇದು. ಶೀಘ್ರಸ್ಖಲನಕ್ಕೆ ಇದೇ ಗುಂಪಿನ ಮಾತ್ರೆಯನ್ನು ಔಷಧಿಯಾಗಿ ಕೊಡುತ್ತೇವೆ ಅಂದಮೇಲೆ ನೋಡಿ. ಬೇಸರ ಕಳೆದು ಎಷ್ಟು ಕಾಲವಾಯಿತು, ಆ ಮಾತ್ರೆ ಇನ್ನೂ ಬೇಕಾ, ಬೇಕಾದರೆ ಮಿರ್ಟಜಪಿನ್‌ನಂಥ ಬೇರೆಯದು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಮಿರ್ಟಜಪಿನ್ ಹಸಿವು ಹೆಚ್ಚಿಸುತ್ತದೆ, ಅದಕ್ಕೇ ತೂಕದ ಮಾತನ್ನೂ ಮರೆಯದೆ ಹೇಳಿ. ಎಸ್ಸಿಟಾಲೋಪ್ರಾಮನ್ನು ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಮೈ ಝುಮ್ಮನ್ನುವುದು ಶುರುವಾಗುತ್ತದೆ. ನಿಧಾನವಾಗಿಯೇ ಇಳಿಸಬೇಕು.

14 ಕಿಲೋ ಸಣ್ಣ ವಿಷಯ ಅಲ್ಲ. ಶುಗರ್, ಕೊಲೆಸ್ಟರಾಲ್ ಮಾಡಿಸಿ. ಸಕ್ಕರೆ ಕಾಯಿಲೆ ಬಂದರೆ ಅದೊಂದೇ ಈ ತೊಂದರೆಗೆ ಸಾಕು, ಆಗ ಯಾವ ಮಾತ್ರೆ ಬದಲಿಸಿಯೂ ಪ್ರಯೋಜನ ಇಲ್ಲ.

ಬಂದ ಪತ್ರಗಳಲ್ಲಿ "ನನಗೂ ಸಾಕಾಗಿದೆ" ಅಂತ ಬರೆದ ಹೆಂಡತಿ ನೀವೊಬ್ಬರೇ. ಈ ಮಾತನ್ನು ಡಾಕ್ಟರ ಎದುರೂ ಹೇಳಿ, ಅದೂ ಚಿಕಿತ್ಸೆಯ ಲೆಕ್ಕಕ್ಕೆ ಬರಬೇಕು.

ಪ್ರಶ್ನೆ: ರಿಸ್ಪೆರಿಡೋನ್ ಶುರು ಮಾಡಿದ ಮೇಲೆ ಸೇರಿದಾಗ ಸುಖ ಅನಿಸುತ್ತದೆ, ಆದರೆ ಏನೂ ಹೊರಗೆ ಬರುವುದಿಲ್ಲ. ಆಮೇಲೆ ಮೂತ್ರ ಮಾಡಿದರೆ ಮಂಕಾಗಿ ಬೆಳ್ಳಗೆ ಹೋಗುತ್ತದೆ. ಧಾತು ಹೋಗುತ್ತಿದೆ, ಶಕ್ತಿಯೆಲ್ಲ ಸೋರುತ್ತಿದೆ ಅಂತ ಗೆಳೆಯ ಹೇಳಿದ. ಒಬ್ಬರು ನಾಟಿ ಔಷಧಿಗೆ 12,000 ರೂಪಾಯಿ ಕೇಳುತ್ತಿದ್ದಾರೆ.
ವಿಜಯಪುರ ಜಿಲ್ಲೆ

ಉತ್ತರ: ದುಡ್ಡು ಜೇಬಲ್ಲೇ ಇರಲಿ. ಏನೂ ಸೋರುತ್ತಿಲ್ಲ. ಸಾಮಾನ್ಯವಾಗಿ ವೀರ್ಯ ಹೊರಬರುವ ಹೊತ್ತಿಗೆ ಮೂತ್ರಚೀಲದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ರಿಸ್ಪೆರಿಡೋನ್ ಆ ಬಿಗಿಯನ್ನು ಸಡಿಲಿಸುತ್ತದೆ. ಆಗ ವೀರ್ಯ ಮುಂದೆ ಬರುವ ಬದಲು ಹಿಂದಕ್ಕೆ, ಮೂತ್ರಚೀಲಕ್ಕೆ ಹೋಗುತ್ತದೆ. ಆಮೇಲೆ ಮೂತ್ರದ ಜೊತೆ ಹೊರಗೆ. ದೇಹಕ್ಕೆ ಇದರಿಂದ ನಿಶ್ಶಕ್ತಿ ಬರುವುದಿಲ್ಲ. ಮಕ್ಕಳು ಬೇಕು ಅಂತಿದ್ದರೆ ಮಾತ್ರ ಇದು ನಿಜವಾದ ತೊಂದರೆ, ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಹೀಗಾಗುವುದರಿಂದ ಒಮ್ಮೆ ಶುಗರ್ ನೋಡಿಸಿ. ಸೇರದೆ ಇದ್ದಾಗಲೂ ಮೂತ್ರ ಮಂಕಾಗಿ, ಉರಿಯೂ ಇದ್ದರೆ ಅದು ಸೋಂಕು, ಬೇರೆ ವಿಷಯ.

ಈ ಮಾತ್ರೆಗಳಿಂದ ಅಪರೂಪಕ್ಕೆ ಇದಕ್ಕೆ ಉಲ್ಟಾ ಆಗುವುದೂ ಉಂಟು. ಆಸೆ ಇಲ್ಲದೆಯೂ ನಿಮಿರಿ, ನೋವು ಶುರುವಾಗಿ, ಇಳಿಯುವುದೇ ಇಲ್ಲ. ನಿದ್ದೆಗೆ ಕೊಡುವ ಟ್ರಾಜೋಡೋನ್‌ನಿಂದಲೂ ಹೀಗಾಗುತ್ತದೆ. ನಾಲ್ಕು ಗಂಟೆ ದಾಟಿದರೆ ರಾತ್ರಿಯಾದರೂ ಸರಿ, ನಾಚಿಕೆ ಬಿಟ್ಟು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ತಡ ಮಾಡಿದರೆ ಒಳಗಿನ ಅಂಗಾಂಶ ಶಾಶ್ವತವಾಗಿ ಹಾಳಾಗುತ್ತದೆ. ಬೆಳಗಾಗಲಿ ಅಂತ ಕಾಯುವುದು ಬೇಡ.

ಪ್ರಶ್ನೆ: ರಿಸ್ಪೆರಿಡೋನ್‌ನಿಂದ ವರ್ಷದಿಂದ ಮುಟ್ಟು ನಿಂತಿತ್ತು. ಹೋದ ತಿಂಗಳು ಡಾಕ್ಟರು ಅರಿಪಿಪ್ರಜೋಲ್‌ಗೆ ಬದಲಿಸಿದರು. ವ್ಯಾಲ್‌ಪ್ರೊಯೇಟ್ ಮೊದಲಿಂದ ಇದೆ. ಮುಟ್ಟು ಇನ್ನೂ ಬಂದಿಲ್ಲ. ಬರುವವರೆಗೆ ಗರ್ಭನಿರೋಧಕ ಬೇಕಾಗಿಲ್ಲ ಅಲ್ವಾ? ಒಬ್ಬ ಮಗ ಇದ್ದಾನೆ, ಸದ್ಯಕ್ಕೆ ಇನ್ನೊಂದು ಬೇಡ.
ಹಾಸನ ಜಿಲ್ಲೆ

ಉತ್ತರ: ಬೇಕು, ಇವತ್ತಿನಿಂದಲೇ ಬೇಕು. ಪ್ರೊಲ್ಯಾಕ್ಟಿನ್ ಇಳಿದ ಮೇಲೆ ಮೊದಲು ಅಂಡ ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಮುಟ್ಟಿಗೆ ಕಾಯುತ್ತಾ ಕೂತವರು ಮುಟ್ಟು ನೋಡುವ ಮೊದಲೇ ಬಸುರಿಯಾಗಬಹುದು. ನಿಮ್ಮ ವಿಷಯದಲ್ಲಿ ಇದು ಇನ್ನೂ ಗಂಭೀರ, ಯಾಕೆಂದರೆ ವ್ಯಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಮಗು ಹೆರುವ ವಯಸ್ಸಿನವರಿಗೆ ಬೇರೆ ದಾರಿ ಇರುವಾಗ ಅದನ್ನು ಕೊಡಬಾರದು. ನಾಳೆಯೇ ನಿಮ್ಮ ಡಾಕ್ಟರ ಹತ್ತಿರ ಈ ಮಾತು ತೆಗೆಯಿರಿ, ಆದರೆ ನೀವಾಗಿ ನಿಲ್ಲಿಸಬೇಡಿ. ಕಾಪರ್ ಟಿ ನಿಮಗೆ ಒಳ್ಳೆಯ ಆಯ್ಕೆ, ಅದು ಯಾವ ಮಾತ್ರೆಯ ಜೊತೆಗೂ ಜಗಳ ಆಡುವುದಿಲ್ಲ. ಹಾಕಿಸುವವರೆಗೆ ನಿಮ್ಮವರು ಕಾಂಡೋಮ್ ಬಳಸಲಿ. ಹಾಕಿಸುವ ಮೊದಲು ಒಂದು ಗರ್ಭ ಪರೀಕ್ಷೆ ಆಗಲಿ.

ಪ್ರಶ್ನೆ: ಎಲ್ಲರೂ ಆಸೆ ಕಡಿಮೆ ಅಂತ ಬರೆದರೆ ನನ್ನದು ತದ್ವಿರುದ್ಧ. ಅರಿಪಿಪ್ರಜೋಲ್ ಪ್ರಮಾಣ ಏರಿಸಿದ ಮೇಲೆ ಮೂರು ಹೊತ್ತೂ ಅದೇ ಯೋಚನೆ. ಜೊತೆಗೆ ಮೊಬೈಲ್‌ನಲ್ಲಿ ದುಡ್ಡಿಟ್ಟು ಇಸ್ಪೀಟು ಆಡುವುದು ಶುರುವಾಗಿದೆ, ಮೊದಲು ಯಾವತ್ತೂ ಆಡಿದವನಲ್ಲ. ಇದು ನನ್ನ ಕೆಟ್ಟ ಬುದ್ಧಿಯಾ?
ಬೆಂಗಳೂರು

ಉತ್ತರ: ಹೊಸದಾಗಿ, ಅದೂ ಪ್ರಮಾಣ ಏರಿದ ಮೇಲೆ ಶುರುವಾಗಿದ್ದರೆ ಬುದ್ಧಿಗೆ ಬೈಯುವ ಮೊದಲು ಮಾತ್ರೆಯನ್ನು ಅನುಮಾನಿಸಿ. ಅರಿಪಿಪ್ರಜೋಲ್ ತಗೊಳ್ಳುವ ಕೆಲವರಲ್ಲಿ ಜೂಜು, ಲೈಂಗಿಕ ಆಸೆ, ಸಿಕ್ಕಾಪಟ್ಟೆ ತಿನ್ನುವುದು, ಕೊಳ್ಳುವುದು ತಡೆಯಲಾಗದಷ್ಟು ಹೆಚ್ಚುತ್ತದೆ ಅಂತ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ. ಅಪರೂಪ, ಆದರೆ ನಿಜ. ಪ್ರಮಾಣ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿದ್ದೆಯೂ ಕಡಿಮೆಯಾಗಿ, ಮಾತು ಜಾಸ್ತಿಯಾಗಿ, ಮೈಯಲ್ಲಿ ಎಲ್ಲಿಲ್ಲದ ಹುರುಪು ಬಂದಿದ್ದರೆ ಅದು ಮೇನಿಯಾ ಇರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ. ಎರಡರಲ್ಲಿ ಯಾವುದು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ತಡವಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕುಗಳಲ್ಲಿ ಇರುವವರು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್ ವಿಚಾರಿಸಬಹುದು. ನೀವು ಮಾತ್ರ ಅಷ್ಟರೊಳಗೆ ಆ ಆಟವನ್ನು ಮೊಬೈಲಿನಿಂದ ಅಳಿಸಿ, ಬ್ಯಾಂಕಿನ ಕಾರ್ಡನ್ನು ಮನೆಯಲ್ಲಿ ನಂಬಿಕೆ ಇರುವವರ ಕೈಗೆ ಕೊಟ್ಟಿಡಿ.